ಎರಡನೆಯ ಮೊಳೆ

ಏಪ್ರಿಲ್ 9, ಗುರುವಾರ

ಇವತ್ತೂ ನಾನು ಏಳುವ ಮೊದಲೇ ಸದ್ದು ಶುರು. ಹೊರಗೋಡೆಯ ಹಳೆ ಹಲಗೆ ಕೀಳುವುದು. ಟೀ ಮೇಲೆ ಮರದ ಪುಡಿ ತೇಲುತ್ತಿತ್ತು. ಚಮಚದಲ್ಲಿ ತೆಗೆದು ಕುಡಿದೆ. ಕಾಲೇಜಿಗೆ ರಜೆ, ಪಾಠ ಮಾಡುವ ಚಿಂತೆಯಿಲ್ಲ. ಪದ್ಯದ ಪುಸ್ತಕ ಹಿಡಿದು ಕಿಟಕಿ ಪಕ್ಕ ಕೂತದ್ದೇ ತಡ, ಹೊರಗಿಂದ ಇವರ ಕೂಗು. "ಸ್ವಲ್ಪ ಈ ತುದಿ ಹಿಡ್ಕೋ ಬಾ."

ಹಿಡಿದೆ. ಮಳೆ ನೇರ ಬಂದು ಹೊಡೆಯುವ ಗೋಡೆ ಇದು, ಪಶ್ಚಿಮದ್ದು. ಕೆಳಗಿನ ಹಲಗೆಗಳು ನೆನೆದ ಬ್ರೆಡ್ಡಿನ ಹಾಗೆ. ಬೆರಳಿಟ್ಟರೆ ಒಳಗೆ ಹೋಗುತ್ತದೆ. ಊರವರ ಗೋಡೆಗೆಲ್ಲ ಹಲಗೆ ಹೊದಿಸಿದವರ ಮನೆ. ನಮ್ಮ ಗೋಡೆಯ ಸರದಿ ಈಗ ಬಂತು.

ಮೇಲಿನ ಹಲಗೆಗಳನ್ನು ಇವರು ಉದ್ದನೆಯ ಕೋಲಿನಿಂದ ಮೀಟಿ ಬೀಳಿಸುತ್ತಿದ್ದಾರೆ, ಹಣ್ಣು ಉದುರಿಸುವ ಹಾಗೆ. ಏಣಿ ಶೆಡ್ಡಿನಲ್ಲೇ ಇದೆ. ಪಕ್ಕದ ಮನೆಯ ಪೋಸ್ಟ್‌ಮ್ಯಾನ್ — ರಿಟೈರ್ ಆಗಿ ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ಹೋಗಿಲ್ಲ — ಕಾಂಪೌಂಡಿನಿಂದ ಇಣುಕಿ, ಏಣಿ ಇದ್ದೂ ಈ ಸರ್ಕಸ್ ಯಾಕೆ ಎಂದು ಕೇಳಿದರು. ಇವರಿಗೆ ಕೇಳಿಸಲಿಲ್ಲ. ಅಥವಾ ಕೇಳಿಸಿತು.

ಹೋದ ವರ್ಷ ಕ್ಲಿನಿಕ್ಕಿನ ಕೆಲಸ. ಇವರೂ ನನ್ನ ಮೈದುನನೂ ಸೇರಿ, ಎಂದಿನ ಹಾಗೆ. ಅಂಗಡಿಯಲ್ಲಿ ಬೇಕಾದ ಉದ್ದದ ಮೊಳೆ ಮುಗಿದಿತ್ತು. ಮೇಲಿನ ಸಾಲಿಗಷ್ಟೇ ತಾನೇ ಎಂದು ಇವರು ಚಿಕ್ಕದನ್ನೇ ತಂದರು. ಹಲಗೆ ದಾಟಿ ಹಿಂದಿನ ಮರಕ್ಕೆ ತುದಿ ಮಾತ್ರ ತಾಗುವಂಥದ್ದು. ಗಾಳಿ ಬಂದ ದಿನ ಒಂದು ಹಲಗೆ ಕಿತ್ತುಕೊಂಡು ಬಂತು. ಕೆಳಗೆ ನಿಂತು ಸಾಮಾನು ಕಟ್ಟುತ್ತಿದ್ದ ಮೈದುನನ ಭುಜದ ಮೇಲೆ.

ಮೂಳೆ ಕೂಡಿತು. ಈಗ ಅವನು ಏಣಿ ಹೊರುತ್ತಾನೆ, ಹಲಗೆ ಹೊರುತ್ತಾನೆ, ಬೇರೊಬ್ಬ ಗುತ್ತಿಗೆದಾರನ ಹತ್ತಿರ. ಇವರು ಮಾತ್ರ ಅವತ್ತಿನಿಂದ ಏಣಿ ಹತ್ತಿಲ್ಲ. ಶೆಡ್ಡಿನಲ್ಲಿ ಕೂತು ಉಳಿ ಮಸೆಯುತ್ತಾರೆ. ಮಸೆದದ್ದನ್ನೇ ಮಸೆಯುತ್ತಾರೆ.


ಏಪ್ರಿಲ್ 11, ಶನಿವಾರ

ಓರಗಿತ್ತಿಯ ಫೋನು. ಮೊದಲು ಅವಳ ಮೊಣಕಾಲು, ಆಮೇಲೆ ನನ್ನ ಮೊಣಕಾಲು, ಆಮೇಲೆ ವಿಷಯ.

ಜೂನ್‌ನಲ್ಲಿ ಶಾಲೆಯ ಹೊಸ ಹಾಲ್‌ಗೆ ಹಲಗೆ ಹೊದಿಸುವ ಕೆಲಸವಿದೆಯಂತೆ. ದೊಡ್ಡ ಗೋಡೆ, ಎತ್ತರದ್ದು. ಮೈದುನನಿಗೆ ಸಿಕ್ಕಿದೆ. ಒಬ್ಬನ ಕೈಲಾಗುವುದಿಲ್ಲ. ಅಣ್ಣ ಬಂದರೆ ಮತ್ತೆ ಇಬ್ಬರೂ ಸೇರಿ. ಇಲ್ಲವಾದರೆ ಈಗಿನ ಗಡ್ಡದ ಗುತ್ತಿಗೆದಾರನ ಜೊತೆ ಪಾಲುದಾರಿಕೆಗೆ ಒಪ್ಪಿಕೊಳ್ಳಬೇಕು. ಅವನು ಕಾಯುತ್ತಿದ್ದಾನೆ. ಒಮ್ಮೆ ಒಪ್ಪಿದರೆ ಮುಗಿಯಿತು, ಅಣ್ಣತಮ್ಮಂದಿರ ಕೆಲಸ ಅಲ್ಲಿಗೇ ನಿಂತಂತೆ.

ಹಾಗಾದರೆ ಅವನೇ ಬಂದು ಕೇಳಲಿ ಎಂದೆ.

"ಕೇಳಲ್ಲ ಅಕ್ಕ. ಕೇಳಿದ್ರೆ ಅಣ್ಣ ನನ್ನ ಮುಖ ನೋಡಿ ಹೂಂ ಅಂತಾನೆ, ಆಮೇಲೆ ಏಣಿ ಕೆಳಗೇ ನಿಂತ್ಕೊಂಡು ಬೆವರ್ತಾನೆ ಅಂತಾರೆ. ತಾನಾಗೇ ಏಣಿ ಹತ್ತಿದ ದಿನ ಹೇಳಿ, ಬರ್ತೀನಿ ಅಂತಾರೆ." ಮತ್ತೆ, "ಪೆಟ್ಟು ಬಿದ್ದಿದ್ದು ನಮ್ಮನೆಯವರಿಗೆ. ನೋವು ಮಾತ್ರ ನಿಮ್ಮನೆಯವರು ಇಟ್ಕೊಂಡಿದಾರೆ. ವಾಪಸ್ ಕೊಡೋಕೆ ಹೇಳಿ."

ನಗು ಬಂತು. ಇವರಿಗೆ ಏನೂ ಹೇಳಲಿಲ್ಲ.


ಏಪ್ರಿಲ್ 12, ಭಾನುವಾರ

ಹೊಸ ಹಲಗೆ ಬಂದವು. ಮೂಸಿ ನೋಡಿದೆ. ಹೊಸ ಪುಸ್ತಕದ ವಾಸನೆ, ಇನ್ನೂ ಹಸಿ. ಇವರೂ ಕೈಯಾಡಿಸಿ, ಇನ್ನೊಂದು ವಾರ ಒಣಗಬೇಕಿತ್ತು ಅಂದರು. ಆದರೆ ಕಾಯುವ ಮನಸ್ಸು ಕಾಣಲಿಲ್ಲ.

ಗೋಡೆಗೆ ಮೇಲಿಂದ ಕೆಳಗೆ ಮರದ ಪಟ್ಟಿಗಳಿವೆ. ರೀಪರ್ ಅನ್ನುತ್ತಾರೆ. ಹಲಗೆ ಕೂರುವುದು ಗೋಡೆಯ ಮೇಲಲ್ಲ, ಇವುಗಳ ಮೇಲೆ. ನಡುವೆ ಗಾಳಿ ಓಡಾಡಲು ಸಂದು. ರೀಪರ್‌ಗಳು ಗಟ್ಟಿ ಇವೆ, ಬದಲಿಸಬೇಕಿಲ್ಲ.

ಬುಡದಲ್ಲಿ ಮೊದಲ ಹಲಗೆ. ರಸಮಟ್ಟ ಇಟ್ಟು ನೋಡಿದರು. ಗುಳ್ಳೆ ನಡುವೆ ಬಂತು. ತುಸು ಆಚೆ ಇಟ್ಟು ನೋಡಿದರು. ಬಂತು. ಮತ್ತೆ ನೋಡಿದರು. ಮೈದುನ ಇವರಿಗಿಟ್ಟ ಅಡ್ಡಹೆಸರೇ ರಸಮಟ್ಟ. ಮದುವೆಯ ಫೋಟೋದಲ್ಲೂ ತಲೆ ಓರೆಯಾಗಬಾರದೆಂದು ಸೆಟೆದು ನಿಂತವರು.

ಹಲಗೆ ಹೊಡೆಯುವುದು ಕೆಳಗಿನಿಂದ ಮೇಲಕ್ಕೆ. ಮೇಲಿನ ಹಲಗೆಯ ಕೆಳ ಅಂಚು, ಕೆಳಗಿನ ಹಲಗೆಯ ಮೇಲಂಚನ್ನು ಮುಚ್ಚಬೇಕು. ಮೀನಿನ ಮೈ ಹಾಗೆ. ಮೊಳೆ ಎಲ್ಲಿ ಹೊಡೆಯಬೇಕು ಎನ್ನುವುದರಲ್ಲೇ ಇರುವುದು ಎಲ್ಲ. ಮುಚ್ಚಿಹೋದ ಆ ಕೆಳ ಹಲಗೆಯ ಅಂಚಿಗೆ ಮೊಳೆ ತಗುಲಬಾರದು. ಅದಕ್ಕಿಂತ ಕೂದಲೆಳೆ ಮೇಲೆ. ಆಗ ಒಂದೊಂದು ಹಲಗೆಯೂ ತನ್ನ ಕೆಳಗಿನ ಅಂಚಿನ ಹತ್ತಿರ ಮಾತ್ರ ಕಟ್ಟುಬಿದ್ದಿರುತ್ತದೆ. ಮೇಲಂಚು ಮುಂದಿನ ಹಲಗೆಯ ಅಡಿಯಲ್ಲಿ ಸ್ವತಂತ್ರ.

ಹೊಸಬರು ಯಾರೇ ಕೆಲಸಕ್ಕೆ ಬಂದರೂ ಇವರು ಹೇಳುತ್ತಿದ್ದದ್ದು ಇದೊಂದನ್ನೇ. ನನಗೂ ಬಾಯಿಪಾಠ. "ಮರ ಸತ್ತಿದೆ ಅಂದ್ಕೋಬೇಡ. ಮಳೆಗೆ ಊದುತ್ತೆ, ಬಿಸಿಲಿಗೆ ಸೊರಗುತ್ತೆ. ಒಂದು ಅಂಚು ಹಿಡಿ, ಒಂದು ಅಂಚು ಬಿಡು."

ಇದಕ್ಕಿಂತ ಚೆನ್ನಾಗಿ ಯಾವ ಕವಿಯೂ... ಬೇಡ. ಇದನ್ನು ಪದ್ಯ ಮಾಡಲು ಹೋಗಬಾರದು. ಹಲಗೆಯ ವಿಷಯ ಹಲಗೆಗೇ ಇರಲಿ.


ಏಪ್ರಿಲ್ 13, ಸೋಮವಾರ. ಸಂಜೆ

ಇವತ್ತು ಮೂರನೆಯ ಸಾಲು ಹಿಡಿದಿದ್ದೆ. ಇವರು ಮೊಳೆ ಹೊಡೆದರು, ಸರಿಯಾದ ಜಾಗದಲ್ಲಿ. ಉದ್ದನೆಯ ಮೊಳೆ. ಎಲ್ಲಕ್ಕಿಂತ ಉದ್ದದ್ದನ್ನೇ ಆರಿಸಿ ತಂದಿದ್ದಾರೆ.

ಆಮೇಲೆ ಜೇಬಿನಿಂದ ಇನ್ನೊಂದು ತೆಗೆದು, ಅದರ ಕೆಳಗೇ, ಅಂಚಿನ ಹತ್ತಿರ ಇಟ್ಟರು. ಹೊಡೆದರು. ಎರಡೂ ಹಲಗೆ ತೂರಿಕೊಂಡು ರೀಪರ್‌ಗೆ ಹೋಯಿತು.

ಕೈ ತಪ್ಪಿರಬೇಕು ಅಂದುಕೊಂಡೆ. ಮುಂದಿನ ರೀಪರ್ ಹತ್ತಿರ ಹೋಗಿ ಅದನ್ನೇ ಮಾಡಿದರು. ಎರಡೆರಡು.

ನಾನು ನೋಡಿದ್ದು ಅವರಿಗೆ ತಿಳಿದಿರಬೇಕು. ನನ್ನ ಕಡೆ ತಿರುಗದೆ, "ಭದ್ರ ಇರ್ಲಿ" ಅಂದರು. ನಾನು ಕೇಳಿರಲಿಲ್ಲ.


ಏಪ್ರಿಲ್ 15, ಬುಧವಾರ

ಹತ್ತಿದರು!

ಊಟ ಮುಗಿಸಿ ಹೊರಗೆ ಬಂದಾಗ ಏಣಿ ಗೋಡೆಗೆ ಒರಗಿತ್ತು. ಯಾವಾಗ ತಂದರೋ. ಕೆಳಗಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದರು, ಬಸ್ಸಿಗೆ ಕಾಯುವವರಂತೆ. ನನ್ನನ್ನು ನೋಡಿ ಏಣಿ ಹಿಡ್ಕೋ ಅಂದರು. ಹಿಡಿದೆ. ಒಂದು ಮೆಟ್ಟಿಲು. ನಿಂತರು. ಇನ್ನೊಂದು. ಏಣಿಯ ನಡುಕ ನನ್ನ ಅಂಗೈಗೆ ಬರುತ್ತಿತ್ತು. ನಡುಗಿದ್ದು ಏಣಿಯೋ ಅವರೋ ತಿಳಿಯಲಿಲ್ಲ. ಆಮೇಲೆ ಅವರ ಮೊಣಕಾಲು ನನ್ನ ತಲೆಯ ಮಟ್ಟಕ್ಕೆ ಬಂದಿತ್ತು.

ಹಲಗೆ ಎತ್ತಿ ಕೊಟ್ಟೆ. ಹೊಡೆದರು. ಒಂದು. ಅದರ ಕೆಳಗೆ ಇನ್ನೊಂದು.

ಈ ಮನೆಯಲ್ಲಿ ಒಂದು ಕಟ್ಟಳೆ ಇದೆ. ಮಾವನವರ ಕಾಲದ್ದು. ಏಣಿ ಮೇಲಿರುವವನ ಜೊತೆ ಮಾತಿಲ್ಲ. ತಪ್ಪು ಮಾಡುತ್ತಿದ್ದರೂ ಇಲ್ಲ, ಹೊಗಳುವುದಿದ್ದರೂ ಇಲ್ಲ. ಕಾಲು ನೆಲಕ್ಕೆ ಬಂದ ಮೇಲೆ ಏನಿದ್ದರೂ. ಮದುವೆಯಾದ ಹೊಸದರಲ್ಲಿ ಕೆಳಗಿನಿಂದ ಊಟಕ್ಕೆ ಕರೆದು ಅತ್ತೆಯವರಿಂದ ಬೈಸಿಕೊಂಡಿದ್ದೆ.

ಇಳಿದರು. ಅಂಗಿ ಬೆನ್ನಿಗೆ ಅಂಟಿತ್ತು. ಒಂದು ಚೊಂಬು ನೀರು ಒಂದೇ ಉಸಿರಿಗೆ. ಕಾಂಪೌಂಡಿನ ಆಚೆಯಿಂದ ಪೋಸ್ಟ್‌ಮ್ಯಾನ್, ಮೇಲೆ ಹೋದಾಗ ಮೋಡದಲ್ಲಿ ಯಾರಾದರೂ ಸಿಕ್ಕಿದರಾ ಎಂದು ಕೇಳಿದರು. ಇವರು, ನಿಮ್ಮ ಹಳೆ ಪಾರ್ಸೆಲ್ ಒಂದು ಅಲ್ಲೇ ಉಳಿದಿದೆಯಂತೆ ಎಂದರು. ಇಬ್ಬರೂ ನಕ್ಕರು. ಇವರ ನಗು ಕೇಳಿ ಎಷ್ಟು ಕಾಲವಾಗಿತ್ತು.

ಕಾಲು ನೆಲದ ಮೇಲೇ ಇತ್ತು. ಎರಡನೆಯ ಮೊಳೆಯ ವಿಷಯ ಹೇಳಬಹುದಿತ್ತು. ಆ ನಗುವಿನ ಮೇಲೆ ಹೇಗೆ ಹೇಳುವುದು.

ನಾಳೆ.


ಏಪ್ರಿಲ್ 18, ಶನಿವಾರ

ಹೇಳಿಲ್ಲ.

ಅರ್ಧ ಗೋಡೆ ಆಯಿತು. ದಿನಕ್ಕೊಂದೆರಡು ಮೆಟ್ಟಿಲು ಹೆಚ್ಚು. ಹಲಗೆಯ ತುದಿಗೆ ಹೊಡೆಯುವ ಮೊದಲು ಡ್ರಿಲ್ಲಿನಿಂದ ಸಣ್ಣ ತೂತು ಮಾಡುತ್ತಾರೆ, ಸೀಳದಿರಲೆಂದು. ಎರಡು ಹಲಗೆ ಕೂಡುವ ಕಡೆ ಉಗುರಿನಷ್ಟು ಸಂದು. ಎಲ್ಲವೂ ಹಿಂದಿನ ಹಾಗೇ ಶಿಸ್ತು. ಆ ಎರಡನೆಯ ಮೊಳೆ ಒಂದು ಬಿಟ್ಟು.

ಅದೂ ಶಿಸ್ತಿನಿಂದಲೇ. ಎರಡು ಸಾಲು ಮೊಳೆತಲೆಗಳು, ಗೆರೆ ಎಳೆದ ಹಾಗೆ ನೇರ.

ಓರಗಿತ್ತಿಗೆ ಫೋನ್ ಮಾಡಿದೆ. ಏಣಿ ಹತ್ತಿದ್ದು ಹೇಳಿದೆ. ಅವಳು ಅಡುಗೆಮನೆಯಿಂದಲೇ ಗಂಡನಿಗೆ ಕೂಗಿ ಹೇಳಿದಳು. ಆ ಕಡೆಯಿಂದ ಏನೋ ಬಿದ್ದ ಸದ್ದು. ಗೋಡೆ ಮುಗಿಯಲಿ, ಬಂದು ನೋಡುತ್ತಾರಂತೆ. ಗಡ್ಡದವನಿಗೆ ಮೇ ಕೊನೆಗೆ ಉತ್ತರ ಕೊಡಬೇಕಂತೆ.

ಮೊಳೆಯ ವಿಷಯ ಅವಳಿಗೂ ಹೇಳಲಿಲ್ಲ. ಹೇಳಿದರೆ ಮೈದುನನಿಗೆ ಅರ್ಥವಾಗಿಬಿಡುತ್ತದೆ — ಅಣ್ಣ ಹತ್ತಿದ್ದು ಹೌದು, ಆದರೆ ಭಯವನ್ನೂ ಜೊತೆಗೇ ಹತ್ತಿಸಿಕೊಂಡು ಹೋಗಿದ್ದಾನೆ.


ಏಪ್ರಿಲ್ 26, ಭಾನುವಾರ

ಮುಗಿಯಿತು. ಎಣ್ಣೆಯೂ ಬಳಿದಾಯಿತು. ಜೇನಿನ ಬಣ್ಣ. ಸಂಜೆ ಬಿಸಿಲು ಬಿದ್ದಾಗ ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಪೋಸ್ಟ್‌ಮ್ಯಾನ್ ಒಳಗೆ ಬಂದು ಗೋಡೆಗೆ ಗುದ್ದಿ ನೋಡಿ, ಆನೆ ಬಂದು ಮೈ ಉಜ್ಜಿದರೂ ಅಲ್ಲಾಡುವುದಿಲ್ಲ ಎಂದರು. ಇವರ ಮುಖ ಅರಳಿತು.

ಅಲ್ಲಾಡಬೇಕು. ಅದೇ ತೊಂದರೆ.

ಹೊಡೆದು ಮುಗಿದ ಗೋಡೆ. ಇನ್ನು ಹೇಳಿ ಪ್ರಯೋಜನವೇನು ಎಂದು ಒಂದು ಮನಸ್ಸು. ಎಲ್ಲ ಹಲಗೆಯೂ ಸೀಳಲೇಬೇಕೆಂದೇನಿಲ್ಲವಲ್ಲ ಎಂದು ಇನ್ನೊಂದು ಮನಸ್ಸು. ಎರಡೂ ಒಂದೇ ಮನಸ್ಸು. ಹೇಳಲಾರದ್ದು.


ಮೇ 13, ಬುಧವಾರ. ಮಧ್ಯಾಹ್ನ

ಕಣ್ಣು ಬಿಡಲಾಗದ ಬಿಸಿಲು. ಒಳಗೆ ಕೂತು ಓದುತ್ತಿದ್ದೆ. ಟಪ್ ಎಂದಿತು. ಒಣಗಿದ ಕಾಯಿ ಒಡೆದ ಹಾಗೆ. ಹೊರಗಿನಿಂದ.

ಇವರು ಆಚೆ ಕೋಣೆಯಲ್ಲಿದ್ದರು. "ಮರ ಕೂರ್ತಾ ಇದೆ" ಅಂದರು.

ಹೂಂ ಅಂದೆ.

ಅದೇ ಪುಟ ಮತ್ತೆ ಮತ್ತೆ ಓದಿದೆ. ಒಂದಕ್ಷರ ತಲೆಗೆ ಹೋಗಲಿಲ್ಲ.


ಮೇ 14, ಗುರುವಾರ

ಬೆಳಗ್ಗೆ ಇವರು ಅಂಗಡಿಗೆ ಹೋದಾಗ ನೋಡಿದೆ. ನನ್ನ ಎದೆಯ ಮಟ್ಟದ ಹಲಗೆ. ಮೇಲಂಚು ಮೇಲಿನ ಸಾಲಿನ ಮೊಳೆಗೆ ಸಿಕ್ಕಿದೆ, ಕೆಳಂಚು ತನ್ನ ಮೊಳೆಗೆ. ಬಿಸಿಲಿಗೆ ಸೊರಗಿ ಚಿಕ್ಕದಾಗಲು ಹೊರಟಿದೆ. ಎರಡು ಕಡೆಯೂ ಬಿಡಲಿಲ್ಲ. ನಡುವೆ ಸೀಳಿದೆ, ಮೊಳಕೈ ಉದ್ದಕ್ಕೆ. ಇನ್ನೊಂದರಲ್ಲಿ ಕೂದಲಿನಂಥದ್ದು ಶುರುವಾಗಿದೆ.

ಏನು ಮಾಡಿದೆ? ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದು ಈ ಗೋಡೆಯ ಮುಂದೆ ಕಟ್ಟಿದೆ. ಎರಡು ಬೆಡ್‌ಶೀಟ್ ಒಗೆದು ಹಾಕಿದೆ.

ಎಂ.ಎ. ಓದಿದ ಹೆಂಗಸು.


ಮೇ 17, ಭಾನುವಾರ

ಒಗೆಯಲು ಇನ್ನೇನೂ ಉಳಿದಿಲ್ಲ. ಪರದೆಗಳಾದವು. ಸೋಫಾದ ಕವರುಗಳಾದವು. ಪೋಸ್ಟ್‌ಮ್ಯಾನ್, ಮನೆಯಲ್ಲಿ ಲಾಂಡ್ರಿ ಶುರು ಮಾಡಿದಿರಾ ಎಂದು ವಿಚಾರಿಸಿದರು.

ಸಂಜೆ ಟೀ ಕೊಡಲು ಹೋದೆ. ಇವರು ಹಿತ್ತಲ ಕಟ್ಟೆಯ ಮೇಲೆ ಕೂತು ಆ ಬೆಡ್‌ಶೀಟುಗಳನ್ನೇ ನೋಡುತ್ತಿದ್ದರು.

"ಬಟ್ಟೆ ತೆಗಿ. ಒಣಗಿ ಯಾವಾಗ್ಲೋ ಆಯ್ತು."

ಲೋಟ ಕೊಟ್ಟು ನಿಂತೆ.

"ಸೀಳು ಅವತ್ತೇ ನೋಡಿದೆ," ಅಂದರು. "ಸದ್ದು ಬಂದ ದಿನವೇ. ನೀನು ಹಗ್ಗ ಕಟ್ಟೋ ಮುಂಚೆ."

ಅವರೇ ಮುಂದುವರಿಸಿದರು. ಹೊಡೆಯುವಾಗಲೇ ಗೊತ್ತಿತ್ತಂತೆ, ಪ್ರತಿಯೊಂದು ಮೊಳೆಗೂ. ಇದೊಂದು ಬೇಡ ಅನ್ನುವಷ್ಟರಲ್ಲಿ ಕೈ ಜೇಬಿಗೆ ಹೋಗಿರುತ್ತಿತ್ತಂತೆ.

"ನೀನೂ ನೋಡಿದ್ದೆ."

"ನೋಡಿದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಏಣಿ ಮೇಲಿದ್ರಿ."

ಲೋಟವನ್ನು ಕೈಯಲ್ಲೇ ತಿರುಗಿಸಿದರು. "ಒಂದು ತಿಂಗಳು ಪೂರ್ತಿ ಏಣಿ ಮೇಲೇ ಇದ್ನಾ?"

"ಇದ್ರಿ."

ಟೀ ಕುಡಿದರು. ಬೈಯಲಿಲ್ಲ. ಇಬ್ಬರೂ ಸೇರಿ ಬೆಡ್‌ಶೀಟ್ ಮಡಚಿದೆವು, ಆ ತುದಿ ಅವರು, ಈ ತುದಿ ನಾನು. ಅದರಲ್ಲೂ ಅಂಚಿಗೆ ಅಂಚು ಕೂಡಬೇಕು ಇವರಿಗೆ.


ಮೇ 21, ಗುರುವಾರ

ಎರಡನೆಯ ಸಾಲಿನ ಮೊಳೆ ಕೀಳಲು ಶುರು ಮಾಡಿದರು. ಸುತ್ತಿಗೆಯ ಸೀಳುಬಾಯಿ, ಅದರ ಅಡಿಗೆ ತೆಳು ಮರದ ಚೂರು, ಹಲಗೆಗೆ ಗಾಯವಾಗದಿರಲೆಂದು. ಕಿರ್ರ್ ಎಂದು ಬರುತ್ತವೆ. ಕೆಳಗಿನ ಸಾಲುಗಳೆಲ್ಲ ಆದವು. ತೂತುಗಳಿಗೆ ನಾನು ಪುಟ್ಟಿ ತುಂಬಿದೆ.

ಎದೆಯ ಮಟ್ಟ ದಾಟಿತು. ತಲೆಯ ಮಟ್ಟಕ್ಕೆ ಬಂದು ನಿಂತಿತು.

ಏಣಿ ಹತ್ತುತ್ತಾರೆ. ಮೊಳೆಗೆ ಸುತ್ತಿಗೆ ಸಿಕ್ಕಿಸುತ್ತಾರೆ. ಕೆಳಗೆ ನೋಡುತ್ತಾರೆ — ನಾನು ಏಣಿ ಹಿಡಿದು ನಿಂತಿರುತ್ತೇನಲ್ಲ, ಆ ಜಾಗ. ಇಳಿಯುತ್ತಾರೆ. ನಾನು ದೂರ ಹೋಗಿ ನಿಂತೆ. ಆಗಲೂ ಅಷ್ಟೇ. ಕೆಳಗೆ ಯಾರೂ ಇಲ್ಲದಿದ್ದರೂ ಅವರಿಗೆ ಯಾರೋ ಕಾಣುತ್ತಾರೆ.

ಹತ್ತುವುದು ಬಂತು. ಹೊಡೆಯುವುದು ಬಂತು. ಕೀಳುವುದು ಬರುತ್ತಿಲ್ಲ.

ಮೇಲಿನ ಅರ್ಧ ಹಾಗೇ ಇರಲಿ, ಸೀಳಿದರೆ ಸೀಳಲಿ ಎಂದರು. ಶಾಲೆಯ ವಿಷಯ ಅವರಿಗೂ ತಿಳಿದಿದೆ. ಯಾರಿಂದ ಎಂದು ನಾನು ಕೇಳಲಿಲ್ಲ. ಗಡ್ಡದವನು ಒಳ್ಳೆ ಕೆಲಸಗಾರ, ತಮ್ಮನಿಗೆ ಒಳ್ಳೆಯದೇ ಆಗುತ್ತದೆ ಎಂದರು. ಅನ್ನಕ್ಕೆ ಕೈ ಹಾಕಿ ಕೂತಿದ್ದರು, ಬಾಯಿಗೆ ಹೋಗಲಿಲ್ಲ.

ಓರಗಿತ್ತಿಗೆ ಫೋನ್ ಮಾಡಿದೆ. ಈ ಸಲ ಎಲ್ಲವನ್ನೂ ಹೇಳಿದೆ. ಮೊಳೆ, ಸೀಳು, ಬೆಡ್‌ಶೀಟ್. ಬೆಡ್‌ಶೀಟ್ ಹತ್ತಿರ ನಕ್ಕಳು. ಆಮೇಲೆ ನಗಲಿಲ್ಲ.

"ಬಿಸಿಹಾಲು ಕುಡಿದ ಬೆಕ್ಕಾಗಿದಾರೆ ಭಾವ," ಅಂದಳು. "ಭಾನುವಾರ ಬರ್ತೀವಿ."


ಮೇ 24, ಭಾನುವಾರ

ಬಂದರು. ಬರೆದೇ ಏಳಬೇಕು. ಒಂದೂ ಬಿಡಬಾರದು.

ಮೈದುನ ಒಳಗೆ ಬರಲೇ ಇಲ್ಲ. ಗೇಟಿನಿಂದ ನೇರ ಗೋಡೆಗೆ. ಕೈ ಹಿಂದೆ ಕಟ್ಟಿಕೊಂಡು ಈ ತುದಿಯಿಂದ ಆ ತುದಿಗೆ ನಡೆದ. ತಲೆ ಎತ್ತಿ ಮೇಲಿನ ಎರಡು ಸಾಲು ಮೊಳೆಗಳನ್ನು ನೋಡಿದ.

"ಅತ್ತಿಗೆ, ಇದು ಮನೆಯೋ ಹಡಗೋ? ಮಳೆ ಜೋರಾದ್ರೆ ತೇಲ್ಕೊಂಡು ಹೋಗೋ ಪ್ಲಾನಾ?"

ಇವರು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ನಗಲಿಲ್ಲ. ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ. ನಾನು ಟೀ ತಂದೆ. ಮೈದುನ ಲೋಟ ತೆಗೆದುಕೊಂಡು ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತ. ಏಣಿಯ ಪಕ್ಕದಲ್ಲೇ, ಇವರು ಮೊಳೆ ಕೀಳದೆ ಬಿಟ್ಟ ಹಲಗೆಯ ನೇರ ಕೆಳಗೆ. ಪೆಟ್ಟು ಬಿದ್ದ ಭುಜ ಏಣಿಯ ಕಡೆಗೆ.

"ಅಣ್ಣ, ಹತ್ತು. ತೆಗಿ."

"ಅಲ್ಲಿಂದ ಈಚೆ ಬಾ."

"ಟೀ ಮುಗೀಲಿ."

ಇವರು ಬಹಳ ಹೊತ್ತು ಅಲ್ಲೇ ನಿಂತಿದ್ದರು. ಹೋಗಿ ಏಣಿ ಆಚೆ ಸರಿಸಲು ನೋಡಿದರು. ಮೈದುನ ಕಾಲು ಅಡ್ಡ ಇಟ್ಟ. ಕೊನೆಗೆ ಹತ್ತಿದರು. ಸುತ್ತಿಗೆ ಸಿಕ್ಕಿಸಿದರು. ಕೆಳಗೆ ನೋಡಿದರು.

ಆಮೇಲೆ, ಈ ಮನೆಯ ಕಟ್ಟಳೆ ಮುರಿದು, ಏಣಿಯ ಮೇಲಿಂದ ಅವರೇ ಮಾತಾಡಿದರು. "ದೂರ ಹೋಗೋ. ನಿನ್ನ ಕಾಲಿಗೆ ಬೀಳ್ತೀನಿ, ದೂರ ಹೋಗು."

ಮೈದುನ ತಲೆ ಎತ್ತಿ ನೋಡಿ, ತುಟಿಯ ಮೇಲೆ ಬೆರಳಿಟ್ಟ. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ. "ನೋಡಿ ಅತ್ತಿಗೆ, ಏಣಿ ಮೇಲಿಂದ ಮಾತಾಡ್ತಿದಾನೆ. ಅಪ್ಪ ಇದ್ದಿದ್ರೆ ಬೈತಿದ್ರು." ಲೋಟ ಬಾಯಿಗಿಟ್ಟ. ಅದರಲ್ಲಿ ಟೀ ಇರಲಿಲ್ಲ, ನನಗೆ ಕಾಣುತ್ತಿತ್ತು.

ಓರಗಿತ್ತಿ ನನ್ನ ಮಣಿಕಟ್ಟು ಹಿಡಿದಿದ್ದಳು. ಉಗುರಿನ ಗುರುತು ಇನ್ನೂ ಇದೆ.

ಕಿರ್ರ್.

ಮೊಳೆ ಬಂತು. ಹಲಗೆ ಚೂರು ಕದಲಿತು, ನಿದ್ದೆಯಲ್ಲಿ ಮಗ್ಗುಲಾದ ಹಾಗೆ, ಅಲ್ಲೇ ನಿಂತಿತು. ಮೇಲಿನ ಮೊಳೆ ಹಿಡಿದಿತ್ತು. ಅಷ್ಟು ಸಾಕಾಗಿತ್ತು. ಯಾವಾಗಲೂ ಅಷ್ಟೇ ಸಾಕಾಗಿದ್ದದ್ದು.

ಮುಂದಿನದು. ಅದರ ಮುಂದಿನದು. ಏಣಿ ಸರಿದಂತೆ ಮೈದುನನೂ ಜೊತೆಗೆ ಸರಿದು ಕೆಳಗೇ ನಿಂತ. ಕಿತ್ತ ಮೊಳೆಗಳು ಅವನ ಕಾಲ ಬಳಿ ಬಿದ್ದವು. ಆರಿಸಿ ಖಾಲಿ ಲೋಟಕ್ಕೆ ಹಾಕಿಕೊಂಡ. ಆ ಸಾಲು ಮುಗಿದಾಗ ಇವರು ಇಳಿದರು. ಎರಡೂ ಕಾಲು ನೆಲಕ್ಕೆ ಬಂದವು. ಆಮೇಲೆ ಮಾತು.

"ಮೊಳೆ ಚಿಕ್ಕದು ಅಂತ ನಂಗೆ ಗೊತ್ತಿತ್ತು ಕಣೋ. ಕ್ಲಿನಿಕ್ಕಿನಲ್ಲಿ."

"ನಂಗೂ ಗೊತ್ತಿತ್ತು. ಅರ್ಧ ನಾನೇ ಹೊಡ್ದೆ." ಲೋಟ ಅಲ್ಲಾಡಿಸಿದ. "ಆ ಹಲಗೆ ನೀನು ಹೊಡೆದದ್ದು ಅಂತ ಯಾರು ಹೇಳಿದ್ರು ನಿಂಗೆ? ನಾನಂತೂ ಹೇಳಿಲ್ಲ."

ಇವರು ಅವನ ಭುಜದ ಮೇಲೆ ಕೈಯಿಟ್ಟರು. ಮೂಳೆ ಕೂಡಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಜೋಡಣೆ ನೋಡುವ ಹಾಗೆ. "ನೋಯುತ್ತಾ?"

"ನೀನು ಒತ್ತಿದ್ರೆ ನೋಯುತ್ತೆ. ಕೈ ತೆಗಿ."

ಊಟಕ್ಕೆ ಕೂತಾಗ ಶಾಲೆಯ ಮಾತು ಯಾರೂ ಎತ್ತಲಿಲ್ಲ. ಹೊರಡುವಾಗ ಮೈದುನ ಗೇಟಿನ ಹತ್ತಿರ ನಿಂತು, ಶಾಲೆಯ ಹೆಡ್‌ಮಿಸ್ಸಿಗೆ ಅಳತೆ ಬೇಕಂತೆ, ರಸಮಟ್ಟ ಇಲ್ಲದೆ ನಾನು ಅಳತೆ ತೆಗೆಯಲ್ಲ ಎಂದ. ಉಪಕರಣ ತರಲು ಹೇಳಿದನೋ ಅಣ್ಣನನ್ನು ಕರೆದನೋ ಎಂದು ಇವರು ಕೇಳಲಿಲ್ಲ. "ಎಷ್ಟೊತ್ತಿಗೆ ಬರ್ಲಿ?" ಅಂದರು.


ಮೇ 30, ಶನಿವಾರ

ಸೀಳಿದ ಹಲಗೆಗಳನ್ನು ಬದಲಿಸಿದರು, ಇಬ್ಬರೂ ಸೇರಿ. ಎರಡು ಏಣಿ. ನನಗೆ ರಜೆ. ಕಿಟಕಿ ಪಕ್ಕ ಪದ್ಯದ ಪುಸ್ತಕ. ಓದಲಿಲ್ಲ, ಸದ್ದು ಕೇಳುತ್ತಿದ್ದೆ. ಈ ತುದಿಯಲ್ಲಿ ಒಂದು ಸುತ್ತಿಗೆ, ಆ ತುದಿಯಲ್ಲಿ ಒಂದು. ನಡುವೆ ಮಾತಿಲ್ಲ.

ಮೇಲಿನ ಉಳಿದ ಮೊಳೆಗಳನ್ನೂ ಕಿತ್ತಾಯಿತು. ಹಲಗೆಗೆ ಈಗ ಒಂದೇ ಸಾಲು ಮೊಳೆ.

ಕೆಲಸ ಮುಗಿದ ಮೇಲೆ ಇವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಎದೆಯ ಮಟ್ಟದ ಹಲಗೆಯ ಮೇಲೆ, ಮೇಲಿನ ಹಲಗೆಯ ಅಂಚಿಗೆ ತಾಗಿಸಿ ಒಂದು ಗೆರೆ ಎಳೆದರು. ಇದೇನು ಎಂದೆ. ಮಳೆ ಬಂದಾಗ ಗೊತ್ತಾಗುತ್ತದೆ ಎಂದರು. ಹಲಗೆ ಊದಿ ಮೇಲಕ್ಕೆ ಸರಿದರೆ ಗೆರೆ ಅಂಚಿನ ಅಡಿಗೆ ಹೋಗುತ್ತದೆ. ಬಿಸಿಲು ಬಂದಾಗ ಮತ್ತೆ ಈಚೆ ಬರುತ್ತದೆ. ಬರಬೇಕು.

ಗಡ್ಡದವನಿಗೆ ಮೈದುನ ಫೋನಿನಲ್ಲೇ ಹೇಳಿದನಂತೆ, ಕ್ಷಮಿಸಿ, ನನಗೆ ಮೊದಲೇ ಒಬ್ಬರಿದ್ದಾರೆ ಎಂದು. ಓರಗಿತ್ತಿ ಪಕ್ಕದಲ್ಲೇ ಇದ್ದಳಂತೆ. ಮದುವೆ ಮಾತು ತಪ್ಪಿಸಿದ ಹಾಗಿತ್ತು ಅಕ್ಕ, ಅಂದಳು.


ಜೂನ್ 8, ಸೋಮವಾರ

ಇವತ್ತಿನಿಂದ ಶಾಲೆಯ ಗೋಡೆ. ಬೆಳಗ್ಗೆ ಮೈದುನ ಬಂದು ಹಾರ್ನ್ ಹೊಡೆದ. ಇವರು ಜೇಬಿನಲ್ಲಿ ಮೊಳೆ ತುಂಬಿಕೊಳ್ಳುತ್ತಿದ್ದರು. ನಾನು ನೋಡುತ್ತಿದ್ದೆ. ನೋಡುತ್ತಿದ್ದದ್ದು ತಿಳಿದು, ಒಂದು ಹಿಡಿ ತೆಗೆದು ಡಬ್ಬಿಗೆ ವಾಪಸ್ ಹಾಕಿದರು.

ಕಾಲೇಜು ಇನ್ನೂ ಶುರುವಾಗಿಲ್ಲ. ಮನೆ ತೀರಾ ಸುಮ್ಮನಿದೆ. ಸದ್ದು ರೂಢಿಯಾಗಿಬಿಟ್ಟಿದೆ.

ಮಧ್ಯಾಹ್ನದ ಮೇಲೆ ಮೋಡ. ಈಗ ಮಳೆ, ಗಾಳಿಯೂ ಇದೆ, ನೇರ ಪಶ್ಚಿಮದ ಗೋಡೆಗೇ. ಒಳಗಿನಿಂದ ಕೇಳಿದರೆ ಮೃದುವಾದ ಸದ್ದು. ಹಲಗೆಯ ಮೇಲೆ ನೀರು ಜಾರುವ ಸದ್ದು ಅಷ್ಟೇ. ಬೇರೇನೂ ಇಲ್ಲ.

ಫೋನು. ಇವರೇ. ಅಲ್ಲೂ ಮಳೆಯಂತೆ. ಕೆಲಸ ನಿಲ್ಲಿಸಿ ಇಬ್ಬರೂ ಶಾಲೆಯ ಜಗಲಿಯಲ್ಲಿ ಟೀ ಕುಡಿಯುತ್ತಿದ್ದಾರಂತೆ. ಮೂರು ಸಾಲು ಆಯಿತಂತೆ. ಹಿಂದಿನಿಂದ ಮೈದುನನ ಧ್ವನಿ, ಹಡಗು ಹೊರಟಿತಾ ಕೇಳು ಎಂದು. ಹೊರಗೆ ಹೋಗಿ ಗೆರೆ ನೋಡಿ ಬಂದು ಹೇಳಬೇಕಂತೆ, ಅಲ್ಲಿಯವರೆಗೆ ಫೋನ್ ಇಡುವುದಿಲ್ಲವಂತೆ. ಇದನ್ನು ಬರೆದಿಟ್ಟು ಹೋಗುತ್ತೇನೆ. ಕೊಡೆ ಬಾಗಿಲ ಹಿಂದೆಯೇ ಇದೆ. ಗೆರೆ ಒಳಗೆ ಹೋಗಿದ್ದರೆ — ಫೋನಿನಲ್ಲಿ ಕೂಗುತ್ತಿದ್ದಾರೆ, ಹೊರಟೆ.